ಒಂಟಿ ಚಪ್ಪಲಿ, ಒದ್ದೆ ಚಡ್ಡಿ

ಗೆಳೆಯಾ,

ಇಲ್ಲಿ ಇನ್ನೂ ಮಳೆ ಬಿಟ್ಟಿಲ್ಲ. ತೋಟಕ್ಕೆ ಇಳಿದರೆ ಜಿಗಣೆ, ಮನೆಯಲ್ಲಿ ಕೂತರೆ ಕರೆಂಟಿಲ್ಲ. ಅದಕ್ಕೇ ಪತ್ರ.

ಮೊನ್ನೆ ಫೋನಿನಲ್ಲಿ ನೀನು "ತಲಕಾವೇರಿಯಲ್ಲಿ ನಿನ್ನ ಚಪ್ಪಲಿ ಹೋಗಿದ್ದು ನೆನಪಿದೆಯಾ?" ಅಂತ ಕೇಳಿದೆ. "ಇಲ್ಲದೇ ಇರುತ್ತಾ!" ಅಂತ ನಕ್ಕುಬಿಟ್ಟೆ. ಸುಳ್ಳು ಮಾರಾಯ. ನನಗೆ ಅದು ಗೊತ್ತಿದೆ, ಅಷ್ಟೆ. ನೆನಪಿಲ್ಲ.

ಎರಡೂ ಒಂದೇ ಅಲ್ವಾ ಅಂತೀಯ. ಆ ವರ್ಷ ತೀರ್ಥೋದ್ಭವ ನಡುರಾತ್ರಿ ಇತ್ತು, ನಾವು ಆರನೇ ಕ್ಲಾಸು. ಭಾಗಮಂಡಲದ ಸಂಗಮದಲ್ಲಿ ಮುಳುಗು ಹಾಕಿ ಮೇಲೆ ಹೋದೆವು. ಇಳಿದು ಬಂದಾಗ ಮೆಟ್ಟಿಲ ಹತ್ತಿರ ಒಂದೇ ಚಪ್ಪಲಿ ಇತ್ತು. ಎಲ್ಲ ಹೇಳಬಲ್ಲೆ. ಆದರೆ ಏಳೆಂಟ್ಲ ಐವತ್ತಾರು ಅಂದ ಹಾಗೆ. ಮಗ್ಗಿ ಬಾಯಿಗೆ ಬರುತ್ತದೆ, ಅದನ್ನು ಕಲಿತ ದಿನ ಬರುವುದಿಲ್ಲ. ಮದುವೆ ಮನೆಗಳಲ್ಲೆಲ್ಲ ನೀನು ಆ ಕಥೆ ಹೇಳಿ ಹೇಳಿ ನನಗೆ ಬಾಯಿಪಾಠ ಮಾಡಿಸಿದ್ದೀಯ.

ಕಣ್ಣು ಮುಚ್ಚಿದರೆ ಕುಂಟುತ್ತಾ ಹೋಗುವ ಹುಡುಗನೂ ಕಾಣುತ್ತಾನೆ. ಆದರೆ ಕಾಣುವುದು ಅವನ ಬೆನ್ನು! ನನ್ನ ಬೆನ್ನನ್ನು ನಾನು ಯಾವಾಗ ನೋಡಿದೆ? ನಿಗ್ರೊ ಮತ್ತು ನೈಸರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1983ರಲ್ಲೇ ಇದನ್ನು ಬರೆದಿದ್ದಾರೆ. ಕೆಲವು ನೆನಪು ನಮ್ಮದೇ ಕಣ್ಣಿನಿಂದ ಕಾಣುತ್ತವೆ, ಕೆಲವನ್ನು ಹೊರಗೆ ನಿಂತು ನೋಡುತ್ತೇವೆ, ಹಳೆಯವು ಹೀಗಾಗುವುದು ಜಾಸ್ತಿ. ಬೆನ್ನು ಕಂಡ ಮಾತ್ರಕ್ಕೆ ಸುಳ್ಳು ಅಂತಲ್ಲ. ನನಗೆ ಅನುಮಾನ, ಅಷ್ಟೆ.

ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ ಅಂತ ಗೆರೆ ಎಳೆದವರು ಎಂಡೆಲ್ ಟಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞರು. ಎಸ್ಟೋನಿಯಾದಲ್ಲಿ ಹುಟ್ಟಿ ಟೊರಾಂಟೊದಲ್ಲಿ ಕೆಲಸ ಮಾಡಿದವರು. 1972ರಲ್ಲಿ ಈ ಮಾತು ತೆಗೆದರು. ಕೆ.ಸಿ. ಅಂತಲೇ ಹೆಸರಾದ ಒಬ್ಬ ರೋಗಿಯನ್ನು ಅವರು ವರ್ಷಗಟ್ಟಲೆ ನೋಡಿದರು. 1981ರಲ್ಲಿ ಬೈಕಿನಿಂದ ಬಿದ್ದು ಅವನ ಮಿದುಳಿಗೆ ಪೆಟ್ಟಾಗಿತ್ತು. ಚೆಸ್ ಆಡಲು ಬರುತ್ತಿತ್ತು, ಯಾರ ಜೊತೆಗಾದರೂ ಆಡಿದ ಒಂದು ದಿನವೂ ನೆನಪಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬ ಸತ್ತಿದ್ದು ಗೊತ್ತಿತ್ತು. ಆ ಸುದ್ದಿ ಕಿವಿಗೆ ಬಿದ್ದ ಗಳಿಗೆ ನೆನಪಿರಲಿಲ್ಲ. ನಾಳೆ ಏನು ಮಾಡುತ್ತೀಯ ಅಂತ ಕೇಳಿದರೂ ಖಾಲಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಆ ತಲಕಾವೇರಿಯಲ್ಲಿ ನನ್ನದು ಅಂತ ಏನಾದರೂ ಇದೆಯಾ ಅಂತ ಹುಡುಕಿದೆ. ಇದೆ. ನಿನ್ನ ಕಥೆಯಲ್ಲಿ ಅದು ಯಾವತ್ತೂ ಬಂದಿಲ್ಲ.

ವಾಪಸ್ ಬರುವ ಬಸ್ಸು. ಎರಡು ಮೊಣಕಾಲಿನ ನಡುವೆ ತೀರ್ಥದ ಕ್ಯಾನು. ಮುಚ್ಚಳ ಸರಿ ಕೂತಿಲ್ಲ. ತಿರುವು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಚೆಲ್ಲಿ ಚಡ್ಡಿ ಪೂರ್ತಿ ಒದ್ದೆ. ಅದೇನು ಚಳಿ! ಕ್ಯಾನಿಗೆ ಸಣ್ಣಗೆ ಸೀಮೆಎಣ್ಣೆ ವಾಸನೆ. ಅಮ್ಮ ಬೈಯುತ್ತಾರೆ ಅನ್ನುವುದಕ್ಕಿಂತ, ಹುಡುಗ ಉಚ್ಚೆ ಮಾಡಿಕೊಂಡ ಅಂತ ಎಲ್ಲರೂ ತಿಳಿದರೆ ಅಂತ ನನಗೆ ಹೆದರಿಕೆ. ಇಲ್ಲಿ ನನ್ನ ಬೆನ್ನು ಕಾಣುವುದಿಲ್ಲ. ನನ್ನ ಮೊಣಕಾಲು ಕಾಣುತ್ತದೆ, ಮೇಲಿನಿಂದ, ಬಲಗಡೆಯದರಲ್ಲಿ ಒಂದು ಗಾಯದ ಹೊಪ್ಪಳೆ. ಬರೆಯುವಾಗ ತೊಡೆ ತಣ್ಣಗಾಯಿತು ಅಂದರೆ ನಗಬೇಡ.

ನಮ್ಮ ಭಾಷೆಯಲ್ಲಿ ಮಳೆಯಲ್ಲಿ ನೆನೆಯುವುದಕ್ಕೂ ಅಜ್ಜಿಯನ್ನು ನೆನೆಯುವುದಕ್ಕೂ ಒಂದೇ ಮಾತು, ನೋಡು. ಚಪ್ಪಲಿಯ ವಿಷಯದಲ್ಲಿ ನಾನು ನೆನೆದೇ ಇಲ್ಲ. ಕೊಡೆ ಹಿಡಿದು ನಿಂತು ನೋಡಿದ್ದೇನೆ.

ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ, ಆದರೆ ಹೀಗೆ ಅನಿಸಿದ್ದೆಲ್ಲ ನಿಜವೇ ಆಗಬೇಕಿಲ್ಲ ಅಂತಲೂ ಓದಿದ್ದೇನೆ. ಅದು ಬಸ್ಸೋ ಜೀಪೋ, ಅದೂ ಈಗ ಗಟ್ಟಿಯಿಲ್ಲ. ನೀನು ಪಕ್ಕದಲ್ಲೇ ಕೂತಿದ್ದೆ ಅಲ್ವಾ? ನನ್ನ ಚಡ್ಡಿ ಒದ್ದೆಯಾಗಿದ್ದು ನೋಡಿದ್ದೆಯಾ? ನೋಡಿಯೂ ಇಷ್ಟು ವರ್ಷ ಬರೀ ಚಪ್ಪಲಿ ಕಥೆಯನ್ನೇ ಹೇಳಿಕೊಂಡು ಬಂದೆಯಾ?

ನಿನ್ನ,
ಒಂಟಿ ಚಪ್ಪಲಿಯವನು