ಚಹಾದಂಗಡಿ ಮುಂದೆ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಟ್ಟ ಯಜಮಾನ್ರಿಗೆ

ಯಜಮಾನ್ರೇ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಹೋದ ಗುರುವಾರ ರಾಣೆಬೆನ್ನೂರು ರಸ್ತೆಯಲ್ಲಿ, ಗೋವಿನಜೋಳದ ಲೋಡ್ ಇಟ್ಟುಕೊಂಡು ನಿಂತಿದ್ದ ಹಳೇ ಮೂರು ಸಿಲಿಂಡರ್ ಗಾಡಿಯವನು ನಾನೇ.

ಹದಿನೈದು ದಿನದಿಂದ ಇಂಜಿನ್ ಮಿಸ್ ಹೊಡೀತಿತ್ತು. ಏರು ಬಂದರೆ ಸಾಕು, ಗೊರ ಗೊರ ಅಂತ ಸೊರಗಿ ಬಿಳಿ ಹೊಗೆ ಬಿಡೋದು. ಡೀಸೆಲ್ ಪಂಪ್ ಬಿಚ್ಚಲೇಬೇಕು ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದ, ಅದರ ಖರ್ಚು ನೆನೆದೇ ನಿದ್ದೆ ಹೋಗಿತ್ತು. ನೀವು ಚಹಾ ಲೋಟ ಕೆಳಗಿಟ್ಟು ಬಂದು, "ಕೈ ಅಡ್ಡ ಇಡಬ್ಯಾಡ ತಮ್ಮಾ, ಡೀಸೆಲ್ ಚಿಮ್ಮಿದರೆ ಚರ್ಮದೊಳಗೆ ಹೋಗತೈತಿ" ಅಂದು, ಸಿಲಿಂಡರಿಗೆ ಡೀಸೆಲ್ ಒಯ್ಯೋ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಇಂಜಿನ್ ಸದ್ದು ಕೇಳಿದಿರಿ. ಮೂರಕ್ಕೂ ಸದ್ದು ಬದಲಾಯಿತು; ಕೆಲಸ ಮಾಡದ ಸಿಲಿಂಡರ್ ಇದ್ದಿದ್ದರೆ ಅದಕ್ಕೆ ಬದಲಾಗ್ತಿರಲಿಲ್ಲ. ಹಂಗಾದ್ರೆ ಮೂರೂ ಸಿಲಿಂಡರ್ ಕೆಲಸ ಮಾಡ್ತಿವೆ ಅಂತ ಆಗಲೇ ಗೊತ್ತಾಯ್ತು ಅಲ್ವಾ! ಆಮೇಲೆ ಫಿಲ್ಟರ್ ಮೇಲಿನ ಸ್ಕ್ರೂ ಬಿಚ್ಚಿ ಹ್ಯಾಂಡ್ ಪಂಪ್ ಒತ್ತಿದಾಗ ಸೋಪಿನ ನೊರೆ ಥರ ಡೀಸೆಲ್ ಬಂತು ನೋಡಿ, ನಾನು ಸುಮ್ನೆ ಬಾಯಿ ಬಿಟ್ಟು ನಿಂತೆ. ಡೀಸೆಲ್ ಪೈಪಿನ ತುದಿಯ ತಾಮ್ರದ ವಾಷರ್ ಗಡುಸಾಗಿ ಹೋಗಿ, ಅದರ ಸಂದಿಯಿಂದ ಡೀಸೆಲ್ ಜೊತೆ ಗಾಳಿ ಎಳೀತಿತ್ತಂತೆ.

ಆ ವಾಷರನ್ನು ಚಹಾದ ಒಲೆಯಲ್ಲೇ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ ಮೆತ್ತಗೆ ಮಾಡಿ ಕೂರಿಸಿದಿರಿ. ಅಂಗಡಿಯವ್ವ ಬೈದದ್ದು ಬೇರೆ ಮಾತು. ನೊರೆ ನಿಲ್ಲೋವರೆಗೂ ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಗಾಡಿ ಹೊಸದರ ಹಾಗೆ ಗುನುಗಿತು. ಈಗ ಹೊಸ ವಾಷರ್ ಹಾಕಿಸಿದ್ದೇನೆ, ನೀವು ಹೇಳಿದಂತೆ ಫಿಲ್ಟರನ್ನೂ.

ದುಡ್ಡು ಕೊಡೋಕೆ ಬಂದರೆ ಲೂನಾ ಹತ್ತಿ ಹೋಗೇಬಿಟ್ಟಿರಿ. ನಿಮ್ಮ ಚಹಾದ ದುಡ್ಡು ನಾನೇ ಕೊಟ್ಟಿದ್ದೇನೆ, ಬೇಜಾರಾಗಬೇಡಿ. ತುಂಬಾ ಥ್ಯಾಂಕ್ಸ್ ಯಜಮಾನ್ರೇ.