ನೀಲಿ ಜಿಲೆಟಿನ್

ಕವೆಂಟ್ರಿ
ಇಂಗ್ಲೆಂಡ್
ಜನವರಿ 18

ಅಪ್ಪನಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ನೀವೂ ಕ್ಷೇಮ ಅಂತ ನಂಬಿದ್ದೇನೆ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ಸಂತೂ, ಇದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳು. ಒಂದು ಸಾಲೂ ಬಿಡಬೇಡ.

ಅಪ್ಪ, ಚಟ್ನಿಪುಡಿ ಪಾರ್ಸೆಲ್ ಗುರುವಾರ ಬಂತು. ಡಬ್ಬಿಗೆ ಸುತ್ತಿದ ಬಟ್ಟೆಯೊಳಗೆ ಅಮ್ಮನ ಪತ್ರವಿತ್ತು. ಅಮ್ಮನ ಮೇಲೆ ರೇಗಬೇಡಿ. ಫೋನಲ್ಲಿ ನೀವು ಪಕ್ಕದಲ್ಲೇ ಕೂತಿರುತ್ತೀರಿ, ಪಾಪ ಅವಳು ಇನ್ನೇನು ಮಾಡಬೇಕು? ಮೊನ್ನೆ ಕಲಾಸೌಧದಲ್ಲಿ ನಾಟಕಕ್ಕೆ ಲೈಟ್ ಮಾಡುವಾಗ, ಬೆಳದಿಂಗಳ ದೃಶ್ಯಕ್ಕೆ ನೀವು ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ, ನೀಲಿ ಜಿಲೆಟಿನ್ ಬದಲು ಹಸಿರು ಹಾಕಿಬಿಟ್ಟಿರಂತೆ. ಹುಡುಗರು ಗೌರವಕ್ಕೆ ಸುಮ್ಮನಿದ್ದರಂತೆ. ನೀವು ಮನೆಗೆ ಬಂದು ಊಟ ಮಾಡದೆ ಮಲಗಿದಿರಂತೆ. ಅದನ್ನು ಓದಿ ನಾನು ಇಲ್ಲಿ ಅಡುಗೆಮನೆ ನೆಲದ ಮೇಲೇ ಕೂತುಬಿಟ್ಟೆ.

ಹಾಳೆಯನ್ನು ಬಲ್ಬಿಗೆ ಹಿಡಿದು ಒಂದು ಕ್ಷಣ ನೋಡಿ, ಇದು ಹುಣ್ಣಿಮೆಗೆ, ಇದು ಅಷ್ಟಮಿಗೆ ಅಂತ ಬೇರೆ ಮಾಡಿ ಇಡುತ್ತಿದ್ದವರು ನೀವು. ರವೀಂದ್ರ ಕಲಾಕ್ಷೇತ್ರದ ರಂಗದ ಪಕ್ಕದ ವಿಂಗಿನಲ್ಲಿ ಮಣೆ ಹಾಕಿಕೊಂಡು ನಾನು ಅದನ್ನು ನೋಡಿದ್ದೇನೆ. ಕಣ್ಣಲ್ಲಿ ಪೊರೆ ಬಂದರೆ ನೀಲಿ ಮಂಕಾಗುತ್ತದೆ, ಎಲ್ಲಕ್ಕೂ ಹಳದಿ ಬೆರೆತ ಹಾಗೆ ಕಾಣುತ್ತದೆ. ತಪ್ಪು ನಿಮ್ಮದಲ್ಲ ಅಪ್ಪ, ಪೊರೆಯದು. ರಾತ್ರಿ ಆಟೋ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ ಅಂತ ದೀಪಾವಳಿಯಲ್ಲೇ ಹೇಳಿದ್ದಿರಿ. ಆಗಲೇ ನಾನು ಹಠ ಹಿಡಿಯಬೇಕಿತ್ತು.

ಆಪರೇಷನ್ನಿಗೆ ಇಟ್ಟ ದುಡ್ಡನ್ನು ನನ್ನ ಫೀಸಿನ ಮೂರನೇ ಕಂತಿಗೆ ಅಂತ ಎತ್ತಿಟ್ಟಿದ್ದೀರಿ ಅನ್ನುವುದೂ ಪತ್ರದಲ್ಲಿದೆ. ಇದು ನನಗೆ ಒಪ್ಪಿಗೆ ಇಲ್ಲ.

ಮೊದಲು ಇಲ್ಲಿಯ ವಿಷಯ ಹೇಳುತ್ತೇನೆ, ನಿಮಗೆ ಧೈರ್ಯ ಬರಲಿ. ಮಗಳು ಯಾರ ನಡುವೆ ಇದ್ದಾಳೆ ಅಂತ ಗೊತ್ತಾಗಲಿ. ಹೆಸರು ವಾರಿಕ್ ವಿಶ್ವವಿದ್ಯಾಲಯ, ಇರುವುದು ಮಾತ್ರ ಕವೆಂಟ್ರಿಯಲ್ಲಿ. ವಾರಿಕ್ ಅನ್ನುವ ಊರೇ ಬೇರೆ, ಅದೂ ದೂರ. ಮೈಸೂರು ವಿಶ್ವವಿದ್ಯಾಲಯವನ್ನು ಶ್ರೀರಂಗಪಟ್ಟಣದಲ್ಲಿ ಕಟ್ಟಿದ ಹಾಗೆ! ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಫೇಡ್ ಔಟ್. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕು. ನನಗೆ ಇನ್ನೂ ನಾಲಿಗೆ ತಡೆಯುತ್ತದೆ, 'ಸರ್' ಅಂದುಬಿಡುತ್ತೇನೆ.

ನಾನು ಓದುತ್ತಿರುವುದು ಸಾಂಸ್ಕೃತಿಕ ನೀತಿ, ಅಂದರೆ ಸರ್ಕಾರ ಕಲೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದು. ನಮ್ಮ ಸಾಂಸ್ಕೃತಿಕ ನೀತಿ ಅಧ್ಯಯನ ಕೇಂದ್ರವನ್ನು ಕಟ್ಟಿದವರು ಆಲಿವರ್ ಬೆನೆಟ್. ಈ ವಿಷಯಕ್ಕೇ ಮೀಸಲಾದ ಒಂದು ಪತ್ರಿಕೆ 1994ರಲ್ಲಿ ಶುರುವಾಯಿತು, ಅದರ ಮೊದಲ ಸಂಪಾದಕರೂ ಅವರೇ. ಕಲೆಯಿಂದ ಜನರಿಗೆ ಒಳ್ಳೆಯದಾಗುತ್ತದೆ ಅಂತ ಎಲ್ಲ ಸರ್ಕಾರಗಳೂ ಹೇಳುತ್ತವಲ್ಲ, ಆ ಮಾತಿನ ಬೇರು ಎಲ್ಲಿದೆ ಅಂತ ಅವರೂ ಎಲಿಯೊನೊರಾ ಬೆಲ್ಫಿಯೋರೆ ಅನ್ನುವವರೂ ಸೇರಿ ಪ್ಲೇಟೋ ಕಾಲದವರೆಗೆ ಹುಡುಕಿಕೊಂಡು ಹೋಗಿ 2008ರಲ್ಲಿ ಪುಸ್ತಕ ಮಾಡಿದರು. ಪ್ಲೇಟೋ ಕವಿಗಳಿಗೆ ಊರಲ್ಲಿ ಜಾಗ ಬೇಡ ಅಂದವನು. ನಾಟಕಕ್ಕೆ ಹೋದಿರಿ ಅಂತ ಅಜ್ಜಿ ನಿಮಗೆ ಬಾಗಿಲು ತೆಗೆಯುತ್ತಿರಲಿಲ್ಲವಲ್ಲ, ಆ ಪಕ್ಷ ಅಂತ ಇಟ್ಟುಕೊಳ್ಳಿ.

ನಿಮಗೆ ಹೇಳಲೇಬೇಕಾದವರು ಇನ್ನೊಬ್ಬರಿದ್ದಾರೆ, ಕ್ರಿಸ್ ಬಿಲ್ಟನ್. 2007ರ ಅವರ ಪುಸ್ತಕದಲ್ಲಿ ಒಂದು ವಾದವಿದೆ. ಹೊಸದನ್ನು ಸೃಷ್ಟಿಸುವುದು ಒಬ್ಬ ಮಹಾ ಪ್ರತಿಭಾವಂತನ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದು ನಡೆಯುವುದು ಹಲವರ ಕೂಡಾಟದಲ್ಲಿ, ಇರುವ ಇತಿಮಿತಿಯೊಳಗೆ. ಓದುವಾಗ ನನಗೆ ಕಂಡಿದ್ದು ನೀವು. ಆರೇ ಸ್ಪಾಟ್ ಲೈಟು, ಬೆಳಕು ಏರಿಸಿ ಇಳಿಸಲು ಎರಡು ಕೆಟ್ಟ ಡಿಮ್ಮರ್. ಅಷ್ಟರಲ್ಲೇ ನೀವು ಸೂರ್ಯೋದಯ ಮಾಡಿ ತೋರಿಸುತ್ತಿದ್ದಿರಿ. ಹಾಗಾಗಿ ನನ್ನ ಪ್ರಬಂಧಕ್ಕೂ ನೇಪಥ್ಯದವರನ್ನೇ ಆರಿಸಿಕೊಂಡಿದ್ದೇನೆ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲಿ ಕೊಟ್ಟ ಸಾಂಸ್ಕೃತಿಕ ನೀತಿಯ ವರದಿಯನ್ನು ಸಂತು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದನಲ್ಲ, ಅದು ಈಗ ನನ್ನ ಮೇಜಿನ ಮೇಲಿದೆ.

ಇಲ್ಲಿ ಕಲೆಗೆ ದುಡ್ಡು ಹಂಚುವ ಆರ್ಟ್ಸ್ ಕೌನ್ಸಿಲ್ 1946ರಲ್ಲಿ ಹುಟ್ಟಿದ್ದು. ಸರ್ಕಾರ ದುಡ್ಡು ಕೊಡಬೇಕು, ಯಾವ ನಾಟಕಕ್ಕೆ ಅಂತ ಹೇಳಬಾರದು, ಒಂದು ತೋಳಿನಷ್ಟು ದೂರ ನಿಲ್ಲಬೇಕು ಅನ್ನುವುದು ಲೆಕ್ಕ. ಪಾಠ ಮಾಡುತ್ತಿದ್ದ ಮೇಷ್ಟ್ರು ನಿಜವಾಗಿ ತೋಳು ಚಾಚಿ ನಿಂತರು. ಆಮೇಲೆ, ನಿಮ್ಮಲ್ಲಿ ಹೇಗೆ ಅಂತ ನನ್ನನ್ನು ಕೇಳಿದರು. ಟಾಗೋರರ ಶತಮಾನೋತ್ಸವದ ನೆನಪಿಗೆ ಊರೂರಲ್ಲಿ ರಂಗಮಂದಿರ ಎದ್ದಿದ್ದು, ನಮ್ಮ ಕಲಾಕ್ಷೇತ್ರ 1963ರಲ್ಲಿ ಬಾಗಿಲು ತೆರೆದಿದ್ದು, ಕಲಾವಿದರ ಮಾಸಾಶನ, ಎಲ್ಲ ಹೇಳಿದೆ. ಲೈಟಿನವರಿಗೂ ಕಲಾವಿದ ಅನ್ನುವ ಹೆಸರು ಸಿಗುತ್ತಾ ಅಂತ ಒಬ್ಬ ಹುಡುಗ ಕೇಳಿದ. ತರಗತಿ ಮುಗಿದರೂ ಆ ಮಾತು ಮುಗಿಯಲಿಲ್ಲ.

ಫೀಸಿನ ಚಿಂತೆ ಬಿಡಿ. ಕೇಂದ್ರದ ಆಫೀಸಿನಲ್ಲಿ ಒಬ್ಬರು ಹೆಂಗಸಿದ್ದಾರೆ. ಮೊದಲ ದಿನ ನನ್ನ ಹೆಸರನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿ, ಚೀಟಿಯ ಮೇಲೆ ಬಿಡಿಸಿ ಬರೆದುಕೊಂಡು ಪರದೆಯ ಅಂಚಿಗೆ ಅಂಟಿಸಿಕೊಂಡವರು. ಆ ಚೀಟಿ ಇನ್ನೂ ಅಲ್ಲೇ ಇದೆ. ಶುಕ್ರವಾರ ಅವರ ಮುಂದೆ ಕೂತು ಎಲ್ಲ ಹೇಳಿಕೊಂಡೆ. ಟೀ ಕೊಟ್ಟರು, ಎದುರಿಗೇ ಫೋನ್ ಮಾಡಿದರು. ಮೂರನೇ ಕಂತು ಎರಡು ಭಾಗವಾಯಿತು. ಮೊದಲ ಭಾಗಕ್ಕೆ ನನ್ನ ಹತ್ತಿರ ದುಡ್ಡಿದೆ. ಕ್ಯಾಂಪಸ್ಸಿನ ರಂಗಮಂದಿರದಲ್ಲಿ ಟಿಕೆಟ್ ನೋಡಿ ಜನರನ್ನು ಕೂರಿಸುವ ಕೆಲಸ ಮಾಡುತ್ತಿದ್ದೇನೆ, ವಾರಕ್ಕೆ 12 ಗಂಟೆ. ವೀಸಾದಲ್ಲಿ 20 ಗಂಟೆವರೆಗೆ ಬಿಡುತ್ತಾರೆ. ಓದಿಗೆ ಏನೂ ತೊಂದರೆ ಇಲ್ಲ. ನಿದ್ದೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಸ್ವೆಟರ್ ಎರಡಿವೆ, ಕೆಮ್ಮು ಹೋಗಿದೆ. ಅನ್ನ ಸಾರು ದಿನಾ ಮಾಡಿಕೊಳ್ಳುತ್ತೇನೆ. ಸುಮ್ನೆ ಹೇಳುತ್ತಿಲ್ಲ.

ಈಗ ಕಣ್ಣಿನ ವಿಷಯ. ಪೊರೆ ಇನ್ನೂ ಬಲಿಯಲಿ ಅನ್ನುತ್ತಿದ್ದೀರಂತೆ. ಅದು ತಾತನ ಕಾಲದ ಮಾತು ಅಪ್ಪ. ಈಗ ಎರಡು ಮೂರು ಮಿಲಿಮೀಟರ್ ಸಣ್ಣ ಗಾಯ ಮಾಡಿ, ಶಬ್ದದ ಅಲೆಯಿಂದ ಪೊರೆಯನ್ನು ಪುಡಿ ಮಾಡಿ ತೆಗೆದು ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಬಲಿತಷ್ಟೂ ಅದು ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟವಾಗುತ್ತದೆ. ನನ್ನ ಜೊತೆ ಇರುವ ಹುಡುಗಿಯ ಅಕ್ಕ ಕಣ್ಣಿನ ಡಾಕ್ಟರು, ಅವರಿಗೆ ಫೋನ್ ಮಾಡಿ ಕೇಳಿಯೇ ಬರೆಯುತ್ತಿದ್ದೇನೆ. ನಿಮಗೆ ಶುಗರ್ ಇರುವುದರಿಂದ ಮೊದಲು ಅದನ್ನು ಹತೋಟಿಗೆ ತನ್ನಿ ಅಂದರು. ಅದೊಂದೇ ಕಾಯುವ ಕಾರಣ. ನಾಟಕೋತ್ಸವ ಮುಗಿಯಲಿ, ಬಿಸಿಲು ಇಳಿಯಲಿ, ಇವ್ಯಾವೂ ಕಾರಣ ಅಲ್ಲ.

ಸಂತು ಖಾತೆಗೆ ನಲವತ್ತು ಸಾವಿರ ಹಾಕಿದ್ದೇನೆ. ನೀವು ಎತ್ತಿಟ್ಟಿದ್ದನ್ನೂ ಸೇರಿಸಿ ಪರಿಚಯದ ಡಾಕ್ಟರ ಹತ್ತಿರವೇ ಹೋಗಿ, ಇಲ್ಲ ಚಾಮರಾಜಪೇಟೆ ಕಡೆ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ, ನಿಮ್ಮ ಇಷ್ಟ. ಆದರೆ ಈ ತಿಂಗಳೇ ಹೋಗಿ. ಸಂತೂ, ಸೋಮವಾರ ಬೆಳಗ್ಗೆ ಶುಗರ್ ಪರೀಕ್ಷೆ ಮಾಡಿಸು, ಚೀಟಿಯ ಫೋಟೋ ಕಳಿಸು. ಡ್ರಾಪ್ಸ್ ಹಾಕುವ ಹೊತ್ತು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಲಿ. ಅಪ್ಪನನ್ನು ಸ್ಕೂಟರ್ ಮೇಲೆ ಕೂರಿಸಬೇಡ, ಆಟೋದಲ್ಲೇ ಕರೆದುಕೊಂಡು ಹೋಗು.

ಅಪ್ಪ, ಪಟ್ಟಿ ಬಿಚ್ಚಿದ ಮೇಲೆ ಟ್ರಂಕಿನಿಂದ ಜಿಲೆಟಿನ್ ಹಾಳೆಗಳನ್ನೆಲ್ಲ ತೆಗೆದು ಕಿಟಕಿಗೆ ಹಿಡಿದು ನೋಡಿ. ಯಾವುದಕ್ಕೆ ಯಾವ ಹೆಸರು ಇಟ್ಟಿದ್ದಿರಿ ಅಂತ ಒಂದೊಂದಾಗಿ ಹೇಳಿ, ಸಂತು ಬರೆದುಕೊಳ್ಳಲಿ. ನನ್ನ ಪ್ರಬಂಧಕ್ಕೆ ಬೇಕು.

ಏಳಕ್ಕೆ ಷೋ ಇದೆ, ಬಸ್ಸಿಗೆ ಓಡಬೇಕು. ಚಟ್ನಿಪುಡಿಗೆ ಉಪ್ಪು ಸರಿಯಾಗಿದೆ ಅಂತ ಅಮ್ಮನಿಗೆ ಹೇಳಿ. ಸೋಮವಾರ ಮರೆಯಬೇಡಿ.

ನಿಮ್ಮ ಮಗಳು,
ಪುಟ್ಟಿ