ತಾನಾಗಿ ಎದ್ದ ಕೈ

ಪುಣೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಊರಿನ ಮಳೆ, ಹೊಲ, ನಿನ್ನವ್ವನ ಮಂಡಿನೋವು ಎಲ್ಲ ಫೋನಿನಲ್ಲಿ ನಿನಗೆ ತಿಳಿಯುತ್ತಲೇ ಇರುತ್ತದೆ, ಅದನ್ನೆಲ್ಲ ಬರೆಯುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಟನ್ನಿನಲ್ಲಿ ಕುದುರೆಗೆ ಕೈ ಎತ್ತಿ ಚಾಟಿ ಬೀಸಿದೆ ಎಂದು ರೇಸಿನ ಮೇಲ್ವಿಚಾರಕರಾದ ಸ್ಟೀವರ್ಡುಗಳು ನಿನಗೆ ದಂಡ ಹಾಕಿದರು, ಕೆಲವು ವಾರ ಸಲ್ಕಿ, ಅಂದರೆ ನಿಮ್ಮ ರೇಸಿನ ಆ ಎರಡು ಚಕ್ರದ ಹಗುರ ಗಾಡಿ, ಹತ್ತಬಾರದು ಅಂದರು ಎಂಬುದಕ್ಕೆ ನಾನು ಗಾಬರಿಯಾಗಲಿಲ್ಲ. ರೇಸಿನ ಅನ್ನ ತಿಂದವರಿಗೆ ಸಸ್ಪೆನ್ಷನ್ ಹೊಸದಲ್ಲ. ಆದರೆ ಪತ್ರದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಮಾವ, ವಿಡಿಯೋ ತೋರಿಸುವ ತನಕ ನನ್ನ ಕೈ ಅಷ್ಟು ಮೇಲೆ ಹೋದದ್ದೇ ನನಗೆ ಗೊತ್ತಿರಲಿಲ್ಲ, ಮತ್ತೆ ಹಾಗೇ ಆದರೆ?" ಎಂದು. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ನಿಯಮ ನಿನಗೆ ಬಾಯಿಪಾಠವಿದೆ. ಒಂದೊಂದು ಕೈಯಲ್ಲಿ ಒಂದೊಂದು ಲಗಾಮು, ಚಾಟಿಯ ತುದಿ ಮುಂದಕ್ಕೆ, ಮಣಿಕಟ್ಟು ಮಾತ್ರ ಆಡಬೇಕು, ಭುಜ ಸೇರಬಾರದು. ನಿಮ್ಮ ಗಾಡಿ ರೇಸಿನ ಆಡಳಿತ ಸಂಸ್ಥೆ ಹಾರ್ನೆಸ್ ರೇಸಿಂಗ್ ಆಸ್ಟ್ರೇಲಿಯಾದವರು 2017ರ ಸೆಪ್ಟೆಂಬರಿನಿಂದ ಚಾಟಿಯೇ ಬೇಡ ಎಂದು 2016ರಲ್ಲಿ ಸಾರಿ, ಆಮೇಲೆ ಹಿಂದೆ ಸರಿದು ಬಿಗಿ ನಿಯಮಕ್ಕೆ ಬಂದು ನಿಂತರು. ಕೆನಡಾದ ಒಂಟಾರಿಯೊದಲ್ಲಿ 2009ರಲ್ಲೇ ಎರಡೂ ಕೈಗೆ ಲಗಾಮು ಕಡ್ಡಾಯವಾಯಿತು. ಎರಡೂ ಕೈ ಲಗಾಮಿನಲ್ಲಿದ್ದರೆ ತೋಳು ಬೀಸುವುದಕ್ಕೆ ಬರುವುದಿಲ್ಲ. ಹೊಡೆಯುವವನಿಗೇ ತನ್ನ ಕೈಯ ಲೆಕ್ಕ ಇರುವುದಿಲ್ಲ ಎಂದು ತಿಳಿದವರು ಮಾಡಿದ ನಿಯಮ ಅದು ಅನ್ನಿಸುತ್ತದೆ ನನಗೆ. ಹಾಗಾದರೆ ತಮ್ಮಾ, ಕೈ ಮೇಲೆ ಹೋಗುವ ಮುಂಚೆ ನೀನು ಎರಡೂ ಲಗಾಮನ್ನು ಒಂದೇ ಕೈಗೆ ತಂದುಕೊಂಡಿರಬೇಕು. ಅದೂ ಗೊತ್ತಾಗಲಿಲ್ಲವೇ?

ಇಲ್ಲಿನ ರೇಸ್‌ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿದ್ದಾಗಿನ ಒಂದು ಸಂಗತಿ ಹೇಳುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಳೆಗಾಲದ ಸೀಸನ್. ನಾನು ನೋಡಿಕೊಳ್ಳುತ್ತಿದ್ದ ಹೆಣ್ಣು ಕುದುರೆ ಅವತ್ತು ಗೆದ್ದಿತ್ತು. ಲಾಯಕ್ಕೆ ತಂದು ಮೈ ತೊಳೆಯುವಾಗ ಹಿಂಭಾಗದಲ್ಲಿ ಬಾಸುಂಡೆಗಳು ಬೆರಳಿಗೆ ಸಿಕ್ಕವು. ಕೂದಲಿನ ಮೇಲಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಮೈ ಉಜ್ಜುವ ಖರಾರಾ ಹಾಕಲು ಹೋದರೆ ಮೈ ನಡುಗಿಸಿ ಸರಿಯಿತು, ಬರೀ ಅಂಗೈಯಲ್ಲೇ ಒರೆಸಿದೆ. ಸಂಜೆ ಚಹಾದಂಗಡಿಯಲ್ಲಿ ಜಾಕಿ ಸಿಕ್ಕ. "ಮೂರೇ ಮೂರು ಕೊಟ್ಟೆ, ಹಾರಿಬಿಟ್ಟಳು" ಅಂದ. ನಾನು ರೇಲಿಂಗಿನ ಹತ್ತಿರ ನಿಂತು ಎಣಿಸಿದ್ದೆ, ಹತ್ತು ದಾಟಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ, ಮೂರೇ ಎಂದು ನಂಬಿದ್ದ. ಕೆಟ್ಟವನೂ ಅಲ್ಲ, ಬೆಳಗ್ಗೆ ಬರುವಾಗ ಆ ಕುದುರೆಗೆಂದೇ ಬೆಲ್ಲ ತರುತ್ತಿದ್ದ. ಅವನಿಗೆ ನಾನು ಹೇಳಬೇಕಿತ್ತು. ಸೈಸ್ ಆದವನು ಜಾಕಿಗೆ ಎದುರು ಮಾತಾಡುವ ಕಾಲವಲ್ಲ ಅದು, ಆದರೂ ಹೇಳಬೇಕಿತ್ತು. ಚಹಾ ಕುಡಿದು ಎದ್ದು ಬಂದೆ. ನಿನ್ನ ಪತ್ರ ಓದಿದಾಗ ಮೊದಲು ನೆನಪಾದದ್ದು ಅವನ ಮುಖ.

ಕುದುರೆಯ ಚರ್ಮ ದಪ್ಪ, ಅಷ್ಟೇನೂ ತಾಗುವುದಿಲ್ಲ ಎಂದು ಲಾಯದಲ್ಲಿ ಎಲ್ಲರೂ ಹೇಳುತ್ತಿದ್ದರು. ನಿನಗೂ ಯಾರಾದರೂ ಹೇಳಿರುತ್ತಾರೆ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಜೊತೆಯವರು 2020ರಲ್ಲಿ ಪ್ರಕಟಿಸಿದ್ದನ್ನು ಮಗಳು ಓದಿ ಹೇಳಿದಳು. ಹೊರಚರ್ಮದ ದಪ್ಪದಲ್ಲಾಗಲಿ, ಅದರೊಳಗಿನ ನರತುದಿಗಳಲ್ಲಾಗಲಿ ಕುದುರೆಗೂ ಮನುಷ್ಯನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲವಂತೆ. ಅದಕ್ಕೂ ಮುಂಚೆ, 2011ರಲ್ಲಿ, ಅವರೇ ಇನ್ನೊಬ್ಬರ ಜೊತೆ ಸೇರಿ ನೋಡಿದ್ದು: ಏಟು ಹೆಚ್ಚಾಗಿ ಬೀಳುವುದು ಕೊನೆಯ ನಾನೂರು ಮೀಟರಿನಲ್ಲಿ, ಕುದುರೆ ದಣಿದು ವೇಗ ಇಳಿಯುವಾಗ. ನಿನ್ನ ಕೈ ಎದ್ದದ್ದೂ ಅಲ್ಲೇ ಇರಬೇಕು.

ನಮ್ಮ ಕಡೆಯ ಕುದುರೆ ಗಾಡಿ ಶರ್ಯತ್ತು, ನಿನ್ನ ಅಜ್ಜನ ಬಾರುಕೋಲು, ಅದು ನಿನಗೆ ಗೊತ್ತಿರುವುದೇ. ಗಾಡಿ ಇಳಿದು ಮನೆಗೆ ಬಂದ ಮೇಲೂ ಅಪ್ಪನ ಕೈ ಇಳಿಯುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ನಿನ್ನವ್ವನೂ ನಾನೂ ಅದನ್ನು ಬಲ್ಲೆವು. ನೀನು ಅವರ ಹಾಗೆ ಎಂದು ನಾನು ಹೇಳುತ್ತಿಲ್ಲ. ನಿನ್ನ ಆ ಸಾಲು ಓದಿ ರಾತ್ರಿ ನಿದ್ದೆ ಬರದೇ ಇದ್ದದ್ದಕ್ಕೆ ಕಾರಣ ಹೇಳುತ್ತಿದ್ದೇನೆ.

ಕೈ ಎತ್ತದಿದ್ದರೆ ಮನಸ್ಸಿಟ್ಟು ಓಡಿಸಲಿಲ್ಲ ಎಂದು ಮಾಲೀಕರು ಗಾಡಿ ಕೊಡುವುದಿಲ್ಲ ಅಂತಲೂ ಬರೆದಿದ್ದೀಯ. ಅದು ಸುಳ್ಳಲ್ಲ, ಹೊಟ್ಟೆಯ ಪ್ರಶ್ನೆ. ಆದರೆ 2011ರಲ್ಲಿ ಇಂಗ್ಲೆಂಡಿನ ಆಸ್ಕಾಟ್‌ನಲ್ಲಿ ಜಾಕಿ ಕ್ರಿಸ್ಟೋಫ್ ಸುಮಿಲೋಂ ಚಾಂಪಿಯನ್ ಸ್ಟೇಕ್ಸ್ ಗೆದ್ದೂ, ಕೊನೆಯ ಫರ್ಲಾಂಗಿನಲ್ಲಿ ಐದು ಏಟಿನ ಮಿತಿಯ ಮೇಲೆ ಒಂದು ಏಟು ಹೆಚ್ಚು ಕೊಟ್ಟದ್ದಕ್ಕೆ ತನ್ನ ಪಾಲಿನ ಬಹುಮಾನದ ಹಣ ಬಿಟ್ಟುಕೊಡಬೇಕೆಂಬ ಶಿಕ್ಷೆಗೆ ಒಳಗಾದ. ಅಂಥ ದೊಡ್ಡ ಜಾಕಿಗೂ ಆ ಒಂದು ಏಟಿನ ಲೆಕ್ಕ ತಪ್ಪಿತ್ತು. ಮೇಲಾಗಿ ನಿಮ್ಮದು ನಾಗಾಲೋಟದ ರೇಸಲ್ಲ. ಕುದುರೆಯನ್ನು ಅಂಜಿಸಿದರೆ ಹೆಜ್ಜೆ ಮುರಿದು ನಾಗಾಲೋಟಕ್ಕೆ ಬೀಳುತ್ತದೆ, ಆಗ ನೀನೇ ಎಳೆದು ಹಿಡಿಯಬೇಕು, ಉಳಿದವರು ಮುಂದೆ ಹೋಗುತ್ತಾರೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಏನು ಮಾಡು ಅನ್ನಲಿ? ಸಲ್ಕಿಯ ಮೇಲೆ ನಾನು ಒಂದು ದಿನವೂ ಕೂತವನಲ್ಲ. ಟ್ರೇನರ್ ಒಪ್ಪಿದರೆ ಬೆಳಗಿನ ಕೆಲಸಕ್ಕೆ ಚಾಟಿ ಇಲ್ಲದೆ ಹೋಗಿ ನೋಡು. ಆ ವಿಡಿಯೋ ಇನ್ನೊಮ್ಮೆ ಕೇಳಿ ಪಡೆದು, ಕೈಯನ್ನು ಬಿಟ್ಟು ಲಗಾಮನ್ನೇ ನೋಡು, ಯಾವ ಕಂಬದ ಹತ್ತಿರ ಅದು ಕೈ ಬದಲಾಯಿತು ಎಂದು. ಕೈ ಏಳುವುದು ಗೊತ್ತಾಗದಿದ್ದರೂ ಲಗಾಮು ಬದಲಾಗುವುದು ಗೊತ್ತಾಗಬಹುದೇನೋ, ನನಗೆ ತೋಚಿದ್ದು ಇಷ್ಟೇ. ರೇಸ್ ಮುಗಿದ ಮೇಲೆ ಕುದುರೆಯ ಮೈಯನ್ನು ನೀನೇ ತೊಳೆ. ಹುಡುಗರ ಕೈಗೆ ಬಿಡಬೇಡ. ಸಾಧ್ಯವಾದರೆ ಅಪೀಲು ಗೀಪೀಲು ಬೇಡ, ಆದರೆ ಅದು ನಿನ್ನ ನಿರ್ಧಾರ, ಅಲ್ಲಿಯ ರೀತಿ ನನಗೆ ತಿಳಿಯದು.

ದಂಡದ ಹಣ ಸಾಲದಿದ್ದರೆ ಬರೆ, ಸಂಕೋಚ ಬೇಡ. ನಿನ್ನವ್ವನಿಗೆ ಈ ವಿಷಯ ನಾನು ಹೇಳಿಲ್ಲ. ಕೈಯ ಮಾತು ಕೇಳಿದರೆ ಅವಳಿಗೆ ಅಪ್ಪನೇ ನೆನಪಾಗುತ್ತಾನೆ, ಅದಕ್ಕೇ ನೀನೇ ಫೋನ್ ಮಾಡಿ ಮೆಲ್ಲಗೆ ಹೇಳು, ಈ ಭಾನುವಾರದೊಳಗೆ.

ನಿನ್ನ ಮಾವ